ಕರೆಂಟಿನ ಕೀಸುಳಿ

ಮರದ ಮೈಯನ್ನು ಸಮಮಾಡಿ ನಯಗೊಳಿಸುವ ಉಪಕರಣಕ್ಕೆ ನಮ್ಮ ಕಾಸರಗೋಡಿನಲ್ಲಿ ಒಂದೇ ಹೆಸರು ಎಂಬುದಿಲ್ಲ. ಪುಸ್ತಕದ ಕನ್ನಡದಲ್ಲಿ ಅದು ಕೀಸುಳಿ. ತೋಪಡ ಎನ್ನುವವರೂ ಉಂಟು. ಮಲಯಾಳ ಮನೆಮಾತಿನ ಆಚಾರಿಗಳ ಬಾಯಲ್ಲಿ ಅದೇ ಚಿಂತೇರು. 'ಕೀಸು' ಎಂಬ ಧಾತುವಿಗೆ 'ಉಳಿ' ಸೇರಿ ಕೀಸುಳಿಯಾಯಿತು. ಇದು ಯಾವ ಸಂಧಿಯೆಂದು ನಮ್ಮ ಎಂಟನೆಯ ತರಗತಿಯವರೂ ಹೇಳಬಲ್ಲರು. ಆದರೆ ಕೀಸುಳಿಗೆ ಕರೆಂಟು ಬಂದ ಮೇಲೆ ಈ ಮೂರು ಹೆಸರುಗಳೂ ಮೂಲೆಗೆ ಸರಿದು, ಎಲ್ಲರಿಗೂ ಅದು ಬರಿಯ 'ಮೆಶಿನ್' ಆಗಿಬಿಟ್ಟಿದೆ.

ಕನ್ನಡ ಮಾಷ್ಟ್ರಿಗೆ ಮರಗೆಲಸದ ಉಸಾಬರಿ ಏಕೆ ಎಂದು ರಕ್ಷಕರಲ್ಲಿ ಕೆಲವರು ಕೇಳಿಯಾರು. ನಮ್ಮ ಶಾಲೆಯ ಹಳೆಯ ಬೆಂಚು ಡೆಸ್ಕುಗಳು ಹೆಬ್ಬಲಸಿನ ಮರದವು. ಮೂರು ತಲೆಮಾರಿನ ಮಕ್ಕಳು ಕೈವಾರದ ಮೊನೆಯಿಂದ ತಮ್ಮ ತಮ್ಮ ಹೆಸರುಗಳನ್ನು ಕೊರೆದು ಕೊರೆದು, ಅವುಗಳ ಮೇಲೆ ಹಾಳೆಯಿಟ್ಟು ಬರೆದರೆ ಪೆನ್ನು ಕಾಗದವನ್ನು ತೂತು ಮಾಡುವ ಸ್ಥಿತಿ ಬಂದಿತ್ತು. ಹೊಸದು ಮಾಡಿಸಲು ಹಣವಿಲ್ಲ. ಮರವೋ ಇನ್ನೂ ಕಬ್ಬಿಣದಂತಿದೆ. ಕಳೆದ ಬೇಸಗೆ ರಜೆಯಲ್ಲಿ ಅವುಗಳ ಮೈಯನ್ನು ಕೀಸಿಸುವುದೆಂದು ರಕ್ಷಕ-ಶಿಕ್ಷಕ ಸಂಘದಲ್ಲಿ ತೀರ್ಮಾನವಾಯಿತು. ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನ ತಂದೆ, ಆಚಾರಿಕೆಯಲ್ಲಿ ಮೂವತ್ತು ವರ್ಷ ಪಳಗಿದವರು, ತಮಗೆ ಅರ್ಧ ಕೂಲಿ ಸಾಕೆಂದರು. ಯಂತ್ರವನ್ನು ಮಾತ್ರ ಸಂಘವೇ ಕೊಂಡುಕೊಡಬೇಕು, ಕೆಲಸ ಮುಗಿದ ಮೇಲೆ ಅದು ಶಾಲೆಯದಾಗಿಯೇ ಇರಲಿ ಎಂದರು. ಹೀಗೆ ನಾವು ಇಬ್ಬರು ಅಧ್ಯಾಪಕರು ಅವರೊಡನೆ ಪೇಟೆಗೆ ಹೊರಟೆವು. ಕೈಯಲ್ಲಿದ್ದ ಹಣ ಬೀಡಿ ಕಟ್ಟಿದ, ಅಡಿಕೆ ಸುಲಿದ ತಾಯಂದಿರು ಕೊಟ್ಟದ್ದು. ಹತ್ತು ಸಲ ವಿಚಾರಿಸದೆ ಬಿಚ್ಚುವಂಥದ್ದಲ್ಲ.

ಜಪಾನಿನ ಮಕಿಟಾ ಸಂಸ್ಥೆ ಆ ದೇಶದ ಮೊದಲ ವಿದ್ಯುತ್ ಕೈಕೀಸುಳಿಯನ್ನು ಮಾರಾಟಕ್ಕೆ ತಂದದ್ದು 1958ರಲ್ಲಿ. ಜಪಾನಿನ ಬಡಗಿ ತನ್ನ ಕೈಕೀಸುಳಿಯನ್ನು ನಮ್ಮವರ ಹಾಗೆ ಮುಂದಕ್ಕೆ ತಳ್ಳುವುದಿಲ್ಲ, ತನ್ನ ಕಡೆಗೆ ಎಳೆಯುತ್ತಾನೆ. ಅದೇ ನಾಡಿನಿಂದ ಬಂದ ಯಂತ್ರವನ್ನು ಲೋಕದ ಬಡಗಿಗಳೆಲ್ಲ ಮುಂದಕ್ಕೆ ತಳ್ಳುತ್ತಿದ್ದಾರೆ. ಇದೊಂದು ತಮಾಷೆಯಲ್ಲವೆ?

ಅಂಗಡಿಯಲ್ಲಿ ನಾಲ್ಕಾರು ಬಗೆಯ ಯಂತ್ರಗಳಿದ್ದುವು. ನಮ್ಮ ಕಣ್ಣು ಸಹಜವಾಗಿ ಬೆಲೆಯ ಚೀಟಿಯ ಮೇಲೆ. ಆಚಾರಿಯವರು ಬೆಲೆ ಕೇಳಲೇ ಇಲ್ಲ. ಎಲ್ಲಕ್ಕೂ ಅಗ್ಗದ್ದನ್ನು ಕೈಗೆತ್ತಿಕೊಂಡು, ಅಂಗಡಿಯಾತನಿಗೆ ಅವರು ಹಾಕಿದ ಮೊದಲ ಪ್ರಶ್ನೆ, "ಇದರ ಬೆಲ್ಟು ನಿಮ್ಮಲ್ಲಿ ಉಂಟಾ?" ಇಲ್ಲ, ಬೇಕಾದರೆ ತರಿಸಿಕೊಡುವ ಎಂದ ಆತ. "ಬ್ಲೇಡು?" ಅದೂ ತರಿಸಬೇಕು. ಆಚಾರಿಯವರು ಯಂತ್ರವನ್ನು ಮೆಲ್ಲನೆ ಕೆಳಗಿಟ್ಟು ನಮ್ಮ ಕಡೆ ತಿರುಗಿ, "ಮಾಷ್ಟ್ರೇ, ಬೆಲ್ಟು ಸಿಗದ ಮೆಶಿನ್ ಆರು ತಿಂಗಳಿಗೆ ಗುಜರಿ" ಎಂದರು. ಅಗ್ಗದ ಯಂತ್ರದ ವಿಚಾರ ಅಲ್ಲಿಗೆ ಮುಗಿಯಿತು. ಅಂಗಡಿಯಾತ ಮಲಯಾಳದಲ್ಲಿ, ಆಚಾರಿಯವರು ತುಳುವಿನಲ್ಲಿ, ನಾವು ಕನ್ನಡದಲ್ಲಿ ಮಾತಾಡಿದೆವು. ವ್ಯಾಪಾರಕ್ಕೆ ಏನೂ ಅಡ್ಡಿಯಾಗಲಿಲ್ಲ.

ಎರಡನೆಯದು ಅಗಲ. ಹೆಚ್ಚಿನ ಯಂತ್ರಗಳು ಒಮ್ಮೆಗೆ 82 ಮಿಲಿಮೀಟರ್ ಅಗಲಕ್ಕೆ ಕೀಸುತ್ತವೆ. 170 ಮಿಲಿಮೀಟರಿನ ದೊಡ್ಡವೂ ಇವೆ. ಅವು ತೊಲೆಗಳಿಗೆ ಸರಿ, ಆದರೆ ಎತ್ತಿ ಹಿಡಿದವನ ರಟ್ಟೆಗೆ ಗೊತ್ತು ಅವುಗಳ ಭಾರ. ಬಾಗಿಲು, ಕಿಟಿಕಿ, ಪಕ್ಕಾಸು, ಬೆಂಚುಗಳಿಗೆ ಎರಡೂವರೆ ಮೂರು ಕಿಲೋ ತೂಕದ 82ರದ್ದೇ ಸಾಕು. ಆಮೇಲೆ ಆಳ. ಒಂದೇ ಸಲಕ್ಕೆ ಒಂದು ಮಿಲಿಮೀಟರ್ ತೆಗೆಯುವ ಹಗುರ ಯಂತ್ರಗಳಿವೆ, ಎರಡೂವರೆಗೂ ಹೆಚ್ಚು ತೆಗೆಯುವವೂ ಇವೆ. ಅಂಗುಲದ ಎಂಟನೆಯ ಒಂದು ಪಾಲಿಗೆ ನಮ್ಮ ಆಚಾರಿಗಳು ಒಂದು ನೂಲು ಎನ್ನುತ್ತಾರೆ, ಅಂದರೆ ಮೂರು ಮಿಲಿಮೀಟರಿಗೆ ತುಸು ಹೆಚ್ಚು. ಹೆಬ್ಬಲಸಿನಲ್ಲಿ ಮುಕ್ಕಾಲು ನೂಲನ್ನು ಒಮ್ಮೆಗೇ ಎಬ್ಬಿಸಹೊರಟರೆ ಮೋಟಾರು ನರಳುತ್ತದೆ, ಮರ ಸಿಬಿರೇಳುತ್ತದೆ. ಅರ್ಧ ಮಿಲಿಮೀಟರಿನಂತೆ ನಾಲ್ಕು ಸಲ ಹೋಗುವವನೇ ಬೇಗ ಮನೆಗೆ ಹೋಗುತ್ತಾನೆ ಎಂದು ಆಚಾರಿಯವರ ಮತ. ಆದ್ದರಿಂದ ಆಳದ ಅಂಕಿಯನ್ನು ನೋಡಿ ಮರುಳಾಗಬಾರದು.

ಬ್ಯಾಟರಿಯಿಂದ ನಡೆಯುವವೂ ಈಗ ಬಂದಿವೆ. ಕರೆಂಟಿಲ್ಲದ ಮಾಡಿನ ಮೇಲೆ ಅವು ಒಳ್ಳೆಯವು. ದಿನವಿಡೀ ಒಂದೇ ಕಡೆ ಕುಳಿತು ಮಾಡುವ ಕೆಲಸಕ್ಕೆ ವಯರಿನದೇ ಮೇಲು. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಮಾತನ್ನು ಹೇಳದೆ ಇರುವಂತಿಲ್ಲ. ಗಲ್ಫಿನಲ್ಲಿರುವ ಮಾವಂದಿರು ಅಣ್ಣಂದಿರು ರಜೆಗೆ ಬರುವಾಗ ಯಂತ್ರ ತಂದುಕೊಡುವುದುಂಟು. ಪ್ಲಗ್ಗಿಗೆ ಸಿಗಿಸುವ ಮುಂಚೆ ಅದರ ಮೈಮೇಲಿನ ತಗಡನ್ನು ಓದಬೇಕು. ನಮ್ಮದು 230 ವೋಲ್ಟ್. ತಗಡಿನಲ್ಲಿ 110 ಎಂದಿದ್ದರೆ ಒಂದು ಕ್ಷಣದಲ್ಲಿ ಹೊಗೆ. ಭೌತಶಾಸ್ತ್ರದ ಪಾಠ ಇಲ್ಲಿ ನಿಜವಾಗಿಯೂ ಬೇಕಾಗುತ್ತದೆ.

ಕೊಂಡ ಯಂತ್ರದ ಪೆಟ್ಟಿಗೆಯಲ್ಲಿ ಒಂದು ಕೈಪಿಡಿಯಿತ್ತು. ಇಂಗ್ಲಿಷು, ಅರಬ್ಬಿ ಸೇರಿ ಹಲವು ಭಾಷೆಗಳು ಅದರಲ್ಲಿದ್ದುವು. ಕನ್ನಡವಿಲ್ಲ; ಮಲಯಾಳವೂ ಇಲ್ಲ. ಆಚಾರಿಯವರು ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು, ದಿನಪತ್ರಿಕೆ ಬಿಡದೆ ಓದುವವರು. ಆ ಪುಸ್ತಕವನ್ನು ಮಾತ್ರ ಅವರು ತಿರುವಿಯೂ ನೋಡಲಿಲ್ಲ. ಚಿತ್ರ ನೋಡಿ ಪೆಟ್ಟಿಗೆಗೆ ಹಾಕಿದರು. ನಮಗೆ ಆಗ ನೆನಪಾದದ್ದು ನೆರೆಯ ಊರಿನ ಒಬ್ಬ ಹುಡುಗ. ಹತ್ತನೆಯ ತರಗತಿ ಮುಗಿಸಿ ಮರಗೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಸ್ವಿಚ್ಚನ್ನು ಒತ್ತಿ ಹಿಡಿದಿರುವ ಶ್ರಮ ಬೇಡವೆಂದು ಅದರ ಪಕ್ಕದ ಗುಂಡಿಯನ್ನು ಒತ್ತಿ ಯಂತ್ರ ತಾನಾಗಿ ಓಡುವಂತೆ ಮಾಡಿದ್ದ. ಕೆಲಸದ ನಡುವೆ ಯಾರೋ ಕರೆದರೆಂದು ಅದನ್ನು ಹಾಗೆಯೇ ಹಲಗೆಯ ಮೇಲಿಟ್ಟ. ಯಂತ್ರ ಕಾಲು ಬಂದಂತೆ ಓಡಿತು. ಹಿಡಿಯಹೋದ ಎಡಗೈಯ ಎರಡು ಬೆರಳುಗಳ ತುದಿ ಹೋಯಿತು. ಹುಡುಗ ಸೊಗಸಾಗಿ ಚೆಂಡೆ ಬಾರಿಸುತ್ತಿದ್ದ. ಈಗ ಬಾರಿಸುವುದಿಲ್ಲ.

ಆ ಸಂಗತಿಯನ್ನು ನಾವು ಹೇಳಿದಾಗ ಆಚಾರಿಯವರು ಬಹಳ ಹೊತ್ತು ಸುಮ್ಮನಿದ್ದು, "ಅದನ್ನು ಕನ್ನಡದಲ್ಲಿ ಬರೆದುಕೊಡಿ ಮಾಷ್ಟ್ರೇ, ಮಗನಿಗೂ ಬೇಕು" ಎಂದರು. ಅವರ ಮಗ ಬರೆಯಲು ಕುಳಿತ. ನಾವು ಇಂಗ್ಲಿಷನ್ನು ಬಿಡಿಸಿ ಹೇಳಿದೆವು. ಆಚಾರಿಯವರು ಹೌದು ಅಲ್ಲ ಎನ್ನುತ್ತ ಹೋದರು. ಯಂತ್ರದ ಅಡಿಭಾಗದಲ್ಲಿ ಮುಂದೊಂದು ಹಿಂದೊಂದು ಲೋಹದ ಚಪ್ಪಟೆ ತುಂಡುಗಳಿವೆ. ಅವಕ್ಕೆ ಏನೆನ್ನುವುದು? ನಮ್ಮ ಸಹೋದ್ಯೋಗಿಗಳು 'ಪಾದುಕೆ' ಎಂದರು. ಆಚಾರಿಯವರು ನಕ್ಕು, "ಪಾದುಕೆ ದೇವಸ್ಥಾನದಲ್ಲಿರಲಿ, ಇದು ಮಣೆ" ಎಂದರು. ಮುಂದಿನ ಮಣೆ, ಹಿಂದಿನ ಮಣೆ. ಇದಕ್ಕಿಂತ ಒಳ್ಳೆಯ ಪಾರಿಭಾಷಿಕ ಪದ ಯಾವ ಸಮಿತಿ ಕೂತರೂ ಹುಟ್ಟಲಾರದು.

ಈ ಮಣೆಗಳಲ್ಲೇ ಯಂತ್ರದ ಗುಟ್ಟಿರುವುದು. ಕೈಕೀಸುಳಿಯಲ್ಲಿ ತಳ ಒಂದೇ ಸಮ, ಅದರಿಂದ ಅಲಗು ಕೂದಲೆಳೆಯಷ್ಟು ಹೊರಗೆ ಚಾಚಿರುತ್ತದೆ. ಕರೆಂಟಿನದರಲ್ಲಿ ಹಾಗಲ್ಲ. ನಡುವೆ ತಿರುಗುವ ಉರುಳೆಯ ಬ್ಲೇಡುಗಳು ಹಿಂದಿನ ಮಣೆಯ ಮಟ್ಟಕ್ಕೆ ಸರಿಯಾಗಿ ನಿಲ್ಲಬೇಕು. ಗುಬ್ಬಿ ತಿರುಗಿಸಿದಾಗ ಮೇಲೆ ಸರಿಯುವುದು ಮುಂದಿನ ಮಣೆ. ಅದು ಎಷ್ಟು ಮೇಲೆ ಸರಿಯಿತೋ ಅಷ್ಟು ಮರ ಹೋಗುತ್ತದೆ. ಕೀಸಿದ ಹೊಸ ಮೈಯ ಮೇಲೆ ಹಿಂದಿನ ಮಣೆ ಜಾರುತ್ತ ಬರುತ್ತದೆ. ಬ್ಲೇಡು ಹಿಂದಿನ ಮಣೆಗಿಂತ ಹೊರಚಾಚಿದ್ದರೆ ಹಲಗೆಯ ಕೊನೆಯಲ್ಲಿ ಹಳ್ಳ ಬೀಳುತ್ತದೆ. ಆದ್ದರಿಂದಲೇ ಬ್ಲೇಡು ಬದಲಾಯಿಸಿದಾಗೆಲ್ಲ ಉಕ್ಕಿನ ಅಳತೆಪಟ್ಟಿಯನ್ನು ಹಿಂದಿನ ಮಣೆಗೆ ಒತ್ತಿ ಹಿಡಿದು, ಉರುಳೆಯನ್ನು ಕೈಯಿಂದ ಮೆಲ್ಲನೆ ತಿರುಗಿಸಿ, ಅಲಗು ಪಟ್ಟಿಯನ್ನು ಮುಟ್ಟಿಯೂ ಮುಟ್ಟದಂತೆ ಹೋಗುತ್ತದೆಯೇ ಎಂದು ನೋಡಬೇಕು. ಇದಕ್ಕೆಲ್ಲ ಮುಂಚೆ ಪ್ಲಗ್ಗನ್ನು ಕಿತ್ತಿರಬೇಕು. ಸ್ವಿಚ್ಚು ಆರಿಸಿದರೆ ಸಾಲದು, ಕಿತ್ತೇ ಇಡಬೇಕು. ನಮ್ಮ ಹಾಳೆಯಲ್ಲಿ ಈ ಒಂದು ವಾಕ್ಯವನ್ನು ಹುಡುಗ ಕೆಂಪು ಶಾಯಿಯಲ್ಲಿ ಬರೆದಿದ್ದಾನೆ.

ಉರುಳೆ ನಿಮಿಷಕ್ಕೆ 16,000ದ ಆಸುಪಾಸು ಸುತ್ತುತ್ತದೆ. ಎರಡು ಬ್ಲೇಡುಗಳಿದ್ದರೆ ಸೆಕೆಂಡಿಗೆ ಐನೂರಕ್ಕೂ ಹೆಚ್ಚು ಸಲ ಅಲಗು ಮರಕ್ಕೆ ತಗಲುತ್ತದೆ. ಗಣಿತದಲ್ಲಿ ಆಸಕ್ತಿಯುಳ್ಳವರು ಲೆಕ್ಕ ಹಾಕಿ ನೋಡಲಿ. ಸ್ವಿಚ್ಚು ಬಿಟ್ಟ ಮೇಲೂ ಕೆಲವು ಸೆಕೆಂಡು ಅದು ಸುತ್ತುತ್ತಲೇ ಇರುತ್ತದೆ. ಸದ್ದು ಪೂರ್ತಿ ಅಡಗುವ ತನಕ ಕೈಯಲ್ಲೇ ಹಿಡಿದಿರಬೇಕು. ಮರಕ್ಕೆ ತಾಗಿಸುವ ಮೊದಲೇ ಚಾಲೂ ಮಾಡಬೇಕು. ಹೊರಡುವಾಗ ಭಾರ ಮುಂದಿನ ಮಣೆಯ ಮೇಲೆ, ಮುಗಿಯುವಾಗ ಹಿಂದಿನದರ ಮೇಲೆ. ವಯರು ಹೆಗಲ ಮೇಲಿಂದ ಹಿಂದಕ್ಕೆ. ಎರಡೂ ಕೈ ಯಂತ್ರದ ಮೇಲೆ. ಮರವನ್ನು ಕೈಯಿಂದಲ್ಲ, ಬಿಗಿಹಿಡಿಯಿಂದ ಕಟ್ಟಬೇಕು.

ಹಳೆಯ ಮರವಾದರೆ ಮೊಳೆ ಹುಡುಕುವ ಕೆಲಸವೇ ಅರ್ಧ ದಿನ. ನಮ್ಮ ಬೆಂಚುಗಳಿಂದ ಹೊರಬಂದ ಮೊಳೆಗಳು ಒಂದು ತೆಂಗಿನ ಚಿಪ್ಪಿನ ತುಂಬ ಆದುವು. ವಿಜ್ಞಾನದ ಕೋಣೆಯ ಅಯಸ್ಕಾಂತವನ್ನು ತಂದು ಮಕ್ಕಳು ಹಲಗೆಯುದ್ದಕ್ಕೂ ಸವರಿದರು. ಬಣ್ಣದ ಅಡಿಯಲ್ಲಿ ಅಡಗಿದ್ದುವೂ ಸಿಕ್ಕಿಬಿದ್ದುವು. ಬ್ಲೇಡುಗಳಲ್ಲಿ ಎರಡು ಜಾತಿ. ಉಕ್ಕಿನವನ್ನು ಸಾಣೆಗೆ ಹಿಡಿದು ಮತ್ತೆ ಮತ್ತೆ ಹರಿತ ಮಾಡಬಹುದು. ಕಾರ್ಬೈಡಿನವು ಬಹುಕಾಲ ಹರಿತವಾಗಿರುತ್ತವೆ. ಒಂದು ಅಂಚು ಮೊಂಡಾದರೆ ತಿರುಗಿಸಿ ಇನ್ನೊಂದನ್ನು ಬಳಸಬಹುದು. ಆದರೆ ಮೊಳೆ ತಗಲಿದರೆ ಹಲ್ಲು ಮುರಿದಂತೆ ಚಕ್ಕೆ ಏಳುತ್ತದೆ. ಸಾಗುವಾನಿಯಲ್ಲಿ ಮರಳಿನ ಸತ್ವ, ಸಿಲಿಕಾ, ಇರುವುದರಿಂದ ಉಕ್ಕಿನ ಅಲಗು ಅದರಲ್ಲಿ ಬೇಗ ಸಾಯುತ್ತದೆ. ಯಾವುದಾದರೂ ಸರಿ, ಬದಲಾಯಿಸುವಾಗ ಜೋಡಿಯಾಗಿಯೇ ಬದಲಾಯಿಸಬೇಕು. ಒಂದು ಹೊಸತು ಒಂದು ಹಳತು ಇದ್ದರೆ ತೂಕ ತಪ್ಪಿ ಯಂತ್ರ ನಡುಗುತ್ತದೆ.

ದಿನದ ಕೆಲಸ ಮುಗಿದ ಮೇಲೆ ಐದು ನಿಮಿಷ ಅದರ ಸೇವೆಗೆಂದು ಇಡಬೇಕು. ಹೊಟ್ಟು ಉಗುಳುವ ಬಾಯಿಯನ್ನು ಕಡ್ಡಿಯಿಂದ ಬಿಡಿಸಿ, ಗಾಳಿಕಿಂಡಿಗಳ ಧೂಳನ್ನು ಬ್ರಶ್ಶಿನಿಂದ ತೆಗೆದರೆ ಮೋಟಾರು ತಂಪಾಗಿರುತ್ತದೆ. ಒಳಗೆ ಕಿಡಿ ಹೆಚ್ಚಾಗಿ ಕಾಣಿಸಿದರೆ, ಮೋಟಾರು ತಡೆದು ತಡೆದು ಓಡಿದರೆ, ಕಾರ್ಬನ್ ಬ್ರಶ್ಶು ಸವೆದಿದೆಯೆಂದು ಅರ್ಥ. ಅದೂ ಜೋಡಿಯಾಗಿಯೇ ಬದಲಾಗಬೇಕು. ನಮ್ಮ ಮಳೆಗಾಲದಲ್ಲಿ ಉಕ್ಕಿನ ಬ್ಲೇಡಿಗೆ ಎರಡೇ ವಾರದಲ್ಲಿ ತುಕ್ಕು ಬರುತ್ತದೆ. ಮೆಶಿನ್ ಎಣ್ಣೆಯ ಬಟ್ಟೆಯಿಂದ ಒರೆಸಿ, ಸಿಮೆಂಟು ನೆಲದ ಮೇಲಿಡದೆ ಕಪಾಟಿನಲ್ಲಿಡಬೇಕು. ಹೊಟ್ಟಿನ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಮರದ ಧೂಳು ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಪಟ್ಟಿ ಮಾಡಿದೆ. ಮೂಗಿಗೆ ಮಾಸ್ಕು, ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ: ಆಚಾರಿಯವರು ಮೊದಲ ದಿನ ನಾಚಿಕೊಂಡರು. ಮಗ ಹಾಳೆಯನ್ನು ಗಟ್ಟಿಯಾಗಿ ಓದಿದ ಮೇಲೆ ಕಟ್ಟಿಕೊಂಡರು.

ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಎರಡು ಕೋಣೆಗಳ ಬೆಂಚುಗಳು ಮುಗಿದಿದ್ದುವು. ಓಣಂ ರಜೆಯಲ್ಲಿ ಮತ್ತೆ ಹಿಡಿದಾಗ ಮೋಟಾರು ಓಡುತ್ತದೆ, ಉರುಳೆ ತಿರುಗುವುದಿಲ್ಲ. ನಾವು ಗಾಬರಿಯಾದೆವು. ಹುಡುಗ ಪ್ಲಗ್ಗು ಕಿತ್ತು, ಪಕ್ಕದ ಮುಚ್ಚಳದ ಸ್ಕ್ರೂ ಬಿಚ್ಚಿ, ತುಂಡಾದ ಬೆಲ್ಟನ್ನು ಎಳೆದು ತೋರಿಸಿದ. ಅಂಗಡಿಯಿಂದ ಅಂದೇ ತಂದ ಹೆಚ್ಚಿನ ಬೆಲ್ಟು ಪೆಟ್ಟಿಗೆಯಲ್ಲಿತ್ತು. ಹತ್ತು ನಿಮಿಷದಲ್ಲಿ ಹೊಟ್ಟು ಹಾರತೊಡಗಿತು.

ಹನ್ನೊಂದು ಬೆಂಚುಗಳು ಇನ್ನೂ ಬಾಕಿ ಇವೆ. ಅವು ಕ್ರಿಸ್‌ಮಸ್ ರಜೆಗೆ. ಹುಡುಗ ಬರೆದ ನಾಲ್ಕು ಪುಟದ ಹಾಳೆಯ ಪ್ರತಿಗಳು ಶಾಲೆಯ ಗ್ರಂಥಾಲಯದಲ್ಲಿವೆ. ಮನೆಯಲ್ಲಿ ಇಂಥ ಯಂತ್ರವಿರುವ ವಿದ್ಯಾರ್ಥಿಗಳು ಕೇಳಿ ಪಡೆದುಕೊಂಡು, ತಂದೆಯವರಿಗೆ ಒಮ್ಮೆ ಓದಿ ಹೇಳಿ, ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿಡಬಹುದು.