ಪಿಕಪ್ಪಿನ ಮದ್ದು

ಪೀಣ್ಯದ ಆಟೋ ಎಲೆಕ್ಟ್ರಿಷಿಯನ್ ಅಂಗಡಿಗಳ ಮುಂದೆ ಲಾರಿ ನಿಲ್ಲಿಸುವವರದು ಹೆಚ್ಚಾಗಿ ಒಂದೇ ದೂರು: 'ಗಾಡಿ ಪಿಕಪ್ಪೇ ಇಲ್ಲಣ್ಣ.' ನಮ್ಮ ದೊಡ್ಡಪ್ಪನೂ ಇದನ್ನೇ ಹೇಳುತ್ತಿದ್ದರು. ಆಗ ಇದಕ್ಕೆ ಮದ್ದು ಸ್ಪ್ಯಾನರಿನಲ್ಲಿತ್ತು, ಈಗ ಸಾಲ್ಡರಿಂಗ್ ಕಡ್ಡಿಯಲ್ಲಿದೆ.

ದೊಡ್ಡಪ್ಪನ ಟಾಟಾ 1210 ಲಾರಿಗೆ ಇದ್ದದ್ದು ಮೈಕೋ ಡೀಸೆಲ್ ಪಂಪು. 1951ರಲ್ಲಿ ಹುಟ್ಟಿದ ಬೆಂಗಳೂರಿನ ಮೈಕೋಗೆ 2008ರಲ್ಲಿ ಬಾಷ್ ಎಂದು ಹೆಸರಾಯಿತು. ಊರಿನವರ ಬಾಯಲ್ಲಿ ಮೈಕೋ ಲೇಔಟ್ ಮಾತ್ರ ಇನ್ನೂ ಮೈಕೋ ಲೇಔಟೇ. ಎಷ್ಟು ಡೀಸೆಲ್ ಹೋಗಬೇಕೆಂದು ಪಂಪಿನ ಒಂದು ಸ್ಕ್ರೂ ಹೇಳುತ್ತಿತ್ತು. ಅದನ್ನು ಯಾರೂ ಮುಟ್ಟದಿರಲೆಂದು ತಂತಿ ಸುತ್ತಿ ಸೀಸದ ಸೀಲು ಒತ್ತಿರುತ್ತಿದ್ದರು. ದೊಡ್ಡಪ್ಪ ಕಟಿಂಗ್ ಪ್ಲೇಯರ್‌ನಿಂದ ತಂತಿ ಕತ್ತರಿಸಿ, ಲಾಕ್ ನಟ್ಟು ಸಡಿಲಿಸಿ, ಸ್ಕ್ರೂ ಕೊಂಚ ತಿರುಗಿಸಿ, ಆಮೇಲೆ ಸೀಲನ್ನು ಏನೂ ಆಗಿಲ್ಲವೆಂಬಂತೆ ಸಿಕ್ಕಿಸುತ್ತಿದ್ದರು. ಶಿರಾಡಿ ಘಾಟಿಯಲ್ಲಿ ಕಪ್ಪು ಹೊಗೆ ಎದ್ದರೆ, 'ನೋಡ್ಲಾ, ಈಗ ಗಾಡಿಗೆ ದಮ್ಮು ಬಂತು' ಅನ್ನೋರು. ಆ ಹೊಗೆ ಅವರೇ ದುಡ್ಡು ಕೊಟ್ಟು ತುಂಬಿಸಿದ, ಗಾಳಿ ಸಾಲದೆ ಪೂರ್ತಿ ಉರಿಯದ ಡೀಸೆಲ್ ಎಂದು ದೊಡ್ಡಪ್ಪನಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗಿತ್ತು?

2020ರಲ್ಲಿ ಬಿಎಸ್-6 ಹೊಗೆ ನಿಯಮ ಬರುವ ಹೊತ್ತಿಗೆ ಹೊಸ ಲಾರಿಗಳಲ್ಲಿ ಆ ಸ್ಕ್ರೂ ಮಾಯ. ಎಲ್ಲ ಲೆಕ್ಕವೂ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಎಂನದು. ಅದಕ್ಕೆ ಕಣ್ಣೂ ಇಲ್ಲ, ಮೂಗೂ ಇಲ್ಲ. ಸೆನ್ಸರು ಹೇಳಿದ್ದನ್ನು ನಂಬುತ್ತದೆ. ಹಾಗಾಗಿ ಈಗಿನವರು ಸುಳ್ಳನ್ನು ತಂತಿಯಲ್ಲೇ ಹೇಳಿಸುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸೆನ್ಸರ್ ಟೆಸ್ಟಿಂಗ್ ಮಾಡಿ ಸಂಬಳ ಎಣಿಸುವ ನನ್ನ ಕೈಗೆ ಒಬ್ಬ ಡ್ರೈವರು ಅಂಥದೊಂದು 'ಪವರ್ ಚಿಪ್' ಕೊಟ್ಟ. 'ಬಿಚ್ಚಿ ನೋಡಿ ಸಾರ್, ಒಳಗೇನೈತೆ?' ಕಪ್ಪು ಪ್ಲಾಸ್ಟಿಕ್ ಕೊಳವೆ ಸೀಳಿದೆ. ಎಸ್.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುವ ರೆಸಿಸ್ಟರ್, ಎರಡು ತಂತಿ. ಅಷ್ಟೇ.

ಇದನ್ನು ಗಾಳಿಯ ಉಷ್ಣತೆ ಅಳೆಯುವ ಸೆನ್ಸರಿಗೆ ಸೇರಿಸುವುದುಂಟು. ತಣ್ಣಗಾದಷ್ಟೂ ಆ ಸೆನ್ಸರಿನ ರೆಸಿಸ್ಟೆನ್ಸ್ ಏರುತ್ತದೆ. ಹೊರಗಿನಿಂದ ಇನ್ನಷ್ಟು ಸೇರಿಸಿದರೆ, ಲಾರಿ ಮೇ ತಿಂಗಳ ಪೀಣ್ಯದಲ್ಲಿದ್ದರೂ ಇಸಿಎಂ ಮಾತ್ರ ಡಿಸೆಂಬರಿನ ಮಡಿಕೇರಿಯಲ್ಲಿರುತ್ತದೆ. ಇದರಿಂದ ಪಿಕಪ್ ಹೆಚ್ಚುವುದು ಬಹುಪಾಲು ಡ್ರೈವರನ ಮನಸ್ಸಿನಲ್ಲಿ.

ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕಾಮನ್ ರೈಲ್ ಪೈಪಿನ ಪ್ರೆಷರ್ ಸೆನ್ಸರಿನ ತಂತಿಗೆ ಕೈ ಹಾಕುವುದು ಹಾಗಲ್ಲ. ಅದರ ವೋಲ್ಟೇಜ್ ಇಳಿಸಿದರೆ ಒತ್ತಡ ಕಡಿಮೆಯಾಗಿದೆ ಎಂದುಕೊಂಡು ಇಸಿಎಂ ಪಂಪನ್ನು ಇನ್ನಷ್ಟು ದುಡಿಸುತ್ತದೆ. ಪಿಕಪ್ ನಿಜಕ್ಕೂ ಬರುತ್ತದೆ. ಮೊದಲೇ 1,600 ಬಾರ್ ಆಸುಪಾಸಿನ ಒತ್ತಡ ಹೊತ್ತ ಪೈಪು, ಇಂಜೆಕ್ಟರುಗಳ ಗತಿ? ಹೆಚ್ಚಿದ ಡೀಸೆಲ್ಲಿನ ಬಿಸಿಗೆ ಪಿಸ್ಟನ್ ಕರಗಿದರೆ ಅದಕ್ಕೆ ರೆಸಿಸ್ಟರ್ ಮಾರಿದವನು ಹೊಣೆಯಲ್ಲ. ಕಂಪನಿಯ ವಾರಂಟಿಯೂ ಇಲ್ಲ.

ದೊಡ್ಡಪ್ಪನ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಬಹುದಿತ್ತು, ಕರಗಿದ ಪಿಸ್ಟನ್ನಿಗೆ ಆ ಸೌಲಭ್ಯವಿಲ್ಲ. ಆದ್ದರಿಂದ ಗಾಡಿ ಎಳೆಯುತ್ತಿಲ್ಲವೆಂದರೆ ಮೊದಲು ಏರ್ ಫಿಲ್ಟರ್ ನೋಡಿ, ಡೀಸೆಲ್ ಫಿಲ್ಟರ್ ಬದಲಾಯಿಸಿ, ಟರ್ಬೊ ಪೈಪಿನ ಕ್ಲಿಪ್ಪು ಸಡಿಲವಾಗಿದೆಯೇ ನೋಡಿ. ಆಮೇಲೂ ಎಳೆಯದಿದ್ದರೆ, ಲೋಡ್ ಎಷ್ಟು ಹಾಕಿದ್ದೀರಿ ಎಂದು ತೂಕದ ಚೀಟಿ ತೆಗೆದು ಓದಿ.