ಕೈಗೆಟುಕುವ ಮಾಡ, ಮೇಲಿನ ಅಟ್ಟ

ಪುಣೆಯಲ್ಲಿ ನಿನ್ನ ಕೆಲಸ ಏನಪ್ಪಾ ಎಂದು ಧಾರವಾಡದ ಬಂಧುಗಳು ಕೇಳಿದಾಗಲೆಲ್ಲ ನಾನು ಅಡುಗೆಮನೆಯ ಉದಾಹರಣೆ ಕೊಡುತ್ತೇನೆ. ಒಲೆಯ ಪಕ್ಕದ ಮಾಡದಲ್ಲಿ ಸಾಸಿವೆ ಡಬ್ಬಿ, ಅರಿಶಿನ, ಉಪ್ಪು. ಉಳಿದದ್ದೆಲ್ಲ ಅಟ್ಟದ ಮೇಲೆ. ಅಟ್ಟ ದೊಡ್ಡದು, ಮಾಡ ಚಿಕ್ಕದು. ಮಾಡದಲ್ಲಿ ಯಾವುದಿರಬೇಕು ಎಂಬುದೇ ಪ್ರಶ್ನೆ. ಡೇಟಾಬೇಸಿನಲ್ಲಿ ಅಟ್ಟವೆಂದರೆ ಡಿಸ್ಕು, ಮಾಡವೆಂದರೆ ಮೆಮೊರಿ. ಬಹಳ ವರ್ಷ ನನ್ನ ಸಂಬಳದ ಒಂದು ಪಾಲು ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕಾಗಿಯೇ ಬರುತ್ತಿತ್ತು.

ಒರಾಕಲ್ ಕಂಪನಿ 2014ರಲ್ಲಿ ತನ್ನ 12ಸಿ ಡೇಟಾಬೇಸಿಗೆ ಇನ್-ಮೆಮೊರಿ ಎಂಬ ಸೌಲಭ್ಯ ಸೇರಿಸಿತು. ಮಾರಾಟದ ಟೇಬಲ್ ಒಂದನ್ನು ನೆನೆಸಿಕೊಳ್ಳಿ: ಒಂದು ಸಾಲಿಗೆ ಒಂದು ಬಿಲ್ಲು, ಸಾಲಿನಲ್ಲಿ ನಲವತ್ತು ಕಾಲಂ. ಕೌಂಟರಿನಲ್ಲಿ ಕೂತವರಿಗೆ ಒಂದು ಬಿಲ್ಲು ಪೂರ್ತಿ ಬೇಕು. ಅವರಿಗೆ ಸಾಲಾಗಿ ಜೋಡಿಸಿಟ್ಟ ದತ್ತಾಂಶವೇ ಸರಿ. ಲೆಕ್ಕಪತ್ರದವರು ಕೇಳುವುದು ಬೇರೆ: ಈ ವರ್ಷ ಯಾವ ಶಾಖೆಯಲ್ಲಿ ಎಷ್ಟು ಮಾರಾಟವಾಯಿತು? ಅದಕ್ಕೆ ಬೇಕಾದ್ದು ಎರಡು ಮೂರು ಕಾಲಂ ಮಾತ್ರ, ಆದರೆ ಲಕ್ಷಾಂತರ ಸಾಲುಗಳಿಂದ. ಇಂಥವರಿಗಾಗಿ ಅದೇ ದತ್ತಾಂಶವನ್ನು ಕಾಲಂ ಪ್ರಕಾರ ಒತ್ತಿ, ಮೆಮೊರಿಯಲ್ಲಿ ಇನ್ನೊಂದು ರೂಪದಲ್ಲಿಯೂ ಇಡುವುದು ಈ ಸೌಲಭ್ಯದ ಕೆಲಸ. ಎರಡೂ ರೂಪಗಳು ಒಂದಕ್ಕೊಂದು ತಾಳೆಯಾಗಿಯೇ ಇರುತ್ತವೆ. ತಂತ್ರಾಂಶದಲ್ಲಿ ಒಂದಕ್ಷರ ಬದಲಿಸಬೇಕಿಲ್ಲ.

ಆದರೆ ಅದಕ್ಕೆ ಕೊಟ್ಟ ಜಾಗ ಇಷ್ಟೇ ಎಂದು ಗೊತ್ತುಮಾಡಿರುತ್ತದೆ. ಅದರೊಳಗೆ ಯಾವ ಟೇಬಲ್ ಬರಬೇಕೆಂದು ನಾನು ಬರೆಯಬೇಕು. ಬರೆಯಲು ಅಂಕಿಅಂಶ ನೋಡುತ್ತಿದ್ದೆ ನಿಜ. ಹೆಚ್ಚು ತಿಳಿಯುತ್ತಿದ್ದದ್ದು ಮಾತ್ರ ಕ್ಯಾಂಟೀನಿನಲ್ಲಿ. "ಈ ವಾರ ರಿಪೋರ್ಟು ಬಹಳ ಎಳೀತಿದೆ" ಎಂದು ಯಾರೋ ಗೊಣಗಿದರೆ ಅದೇ ನನಗೆ ಸುದ್ದಿ.

2018ರ 18ಸಿ ಆವೃತ್ತಿಯಲ್ಲಿ ಈ ಕೆಲಸವನ್ನು ಯಂತ್ರವೇ ವಹಿಸಿಕೊಳ್ಳುವಂತಾಯಿತು. ಯಾವ ಟೇಬಲ್ಲಿಗೆ ಎಷ್ಟು ಓಡಾಟ, ಯಾವ ಕಾಲಂ ಎಷ್ಟು ಬಳಕೆ ಎಂಬ ಲೆಕ್ಕವನ್ನು ಡೇಟಾಬೇಸ್ ತಾನೇ ಇಡುತ್ತದೆ. ಜಾಗ ಸಾಲದೆ ಹೋದರೆ ತಣ್ಣಗಾದ ಟೇಬಲ್ಲನ್ನು ಹೊರಗೆ ಕಳಿಸುತ್ತದೆ. ಕೆಳಗಿನ ಮಟ್ಟದಲ್ಲಿಟ್ಟರೆ ಇಷ್ಟು. ಮಧ್ಯಮ ಮಟ್ಟಕ್ಕೇರಿಸಿದರೆ ಜಾಗವಿಲ್ಲದೆ ಹೊರಗುಳಿದ ಬಿಸಿ ಟೇಬಲ್ಲನ್ನು ಒಳಗೆ ತರುವ ಪ್ರಯತ್ನವನ್ನೂ ಮಾಡುತ್ತದೆ. 21ಸಿಯಲ್ಲಿ ಬಂದ ಮೇಲಿನ ಮಟ್ಟದಲ್ಲಂತೂ ಟೇಬಲ್ಲುಗಳನ್ನು ನಾವು ಗುರುತು ಹಾಕಿ ಕೊಡುವ ಅಗತ್ಯವೂ ಇಲ್ಲ.

ನಮ್ಮಲ್ಲಿ ಇದನ್ನು ಚಾಲೂ ಮಾಡಿದ ದಿನ ತಂಡದ ಕಿರಿಯ ಹುಡುಗಿ ಕೇಳಿದಳು: "ಸರ್, ಇನ್ನು ನಮಗೇನು ಕೆಲಸ?" ತಮಾಷೆಯಾಗಿ ಕೇಳಿದ್ದಲ್ಲ. ಈ ಊರಿಗೆ ಕೆಲಸ ನಂಬಿ ಬಂದ ನಮ್ಮಂಥವರಿಗೆ ಆ ಪ್ರಶ್ನೆಯ ಹಿಂದೆ ಮನೆಬಾಡಿಗೆ, ಸಾಲದ ಕಂತು ಎಲ್ಲ ಇರುತ್ತವೆ. ತಕ್ಷಣ ನನಗೂ ಉತ್ತರ ಹೊಳೆಯಲಿಲ್ಲ.

ಉತ್ತರ ಸಿಕ್ಕಿದ್ದು ಕೆಲವು ತಿಂಗಳ ನಂತರ, ಯಂತ್ರದ ಲೆಕ್ಕವನ್ನೇ ನೋಡುತ್ತ ಕೂತಾಗ. ತುಂಬಾ ಬಿಸಿಯಾಗಿದ್ದ ಟೇಬಲ್ಲುಗಳಲ್ಲಿ ಒಂದು, ಕಚೇರಿಯ ಬಾಗಿಲ ಬಳಿಯ ಟಿವಿಯಲ್ಲಿ ಕಾಣಿಸುವ ಗ್ರಾಫಿನದು. ಐದು ನಿಮಿಷಕ್ಕೊಮ್ಮೆ ಅದು ತಾನಾಗಿಯೇ ಹೊಸದಾಗುತ್ತದೆ. ಅದರತ್ತ ಕಣ್ಣೆತ್ತಿ ನೋಡಿದವರನ್ನು ನಾನು ಕಂಡಿಲ್ಲ. ಇತ್ತ ಹಿಂದಿನ ವರ್ಷಗಳ ಖಾತೆ ಟೇಬಲ್ ತಣ್ಣಗೆ ಹೊರಗೆ ಬಿದ್ದಿತ್ತು. ಅದನ್ನು ಕೇಳುವವರು ಲೆಕ್ಕಪತ್ರ ವಿಭಾಗದ ನಾಲ್ಕು ಜನ, ವರ್ಷಕ್ಕೊಮ್ಮೆ, ಮಾರ್ಚ್ ಕೊನೆಗೆ. ಆಗ ಅವರು ರಾತ್ರಿ ಹನ್ನೊಂದಕ್ಕೂ ಕುರ್ಚಿ ಬಿಟ್ಟಿರುವುದಿಲ್ಲ. 18ಸಿಯಲ್ಲಿ ಯಂತ್ರ ಹಿಂತಿರುಗಿ ನೋಡುವುದು, ನಾವು ಬದಲಿಸದಿದ್ದರೆ, 31 ದಿನ. ಕಳೆದ ಮಾರ್ಚ್ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಯಂತ್ರ ಮಾಡಿದ್ದು ತಪ್ಪೇನಲ್ಲ. ಅದಕ್ಕೆ ಬಳಕೆ ಎಣಿಸಲು ಬರುತ್ತದೆ, ಬೇಕು ಎಂಬುದನ್ನು ಎಣಿಸಲು ಬರುವುದಿಲ್ಲ. ಚಕ್ಕುಲಿ ಒರಳು ವರ್ಷವಿಡೀ ಅಟ್ಟದ ಮೇಲಿರುತ್ತದೆ, ಇರಬೇಕಾದ್ದೂ ಅಲ್ಲೇ. ಆದರೆ ಗೋಕುಲಾಷ್ಟಮಿಗೆ ಎರಡು ದಿನ ಮೊದಲು ಅದನ್ನು ಇಳಿಸಿಡಲು ಮನೆಯಲ್ಲಿ ಒಬ್ಬರಿಗಾದರೂ ಪಂಚಾಂಗ ಗೊತ್ತಿರಬೇಕು.

ಇಳಿಸುವ ದಾರಿ ಒರಾಕಲ್‌ನಲ್ಲೇ ಇದೆ. ಪ್ರತಿ ಟೇಬಲ್ಲಿಗೂ ಒಂದು ಆದ್ಯತೆ ಇರುತ್ತದೆ. ಆದ್ಯತೆ ಏನೂ ಕೊಡದ ಟೇಬಲ್ಲುಗಳನ್ನಷ್ಟೇ ಯಂತ್ರ ಹೊರಹಾಕುತ್ತದೆ, ಕೊಟ್ಟದ್ದನ್ನು ಮುಟ್ಟುವುದಿಲ್ಲ. ಹಾಗೆಂದು ಖಾತೆ ಟೇಬಲ್ಲಿಗೆ ಶಾಶ್ವತವಾಗಿ ಆದ್ಯತೆ ಕೊಟ್ಟರೆ ಹನ್ನೊಂದು ತಿಂಗಳು ಜಾಗ ದಂಡ. ಅದಕ್ಕೇ ಈಗ ಮಾರ್ಚ್ 20ರ ಸುಮಾರಿಗೆ ಒಂದು ಸಾಲು ಬರೆದು ಆದ್ಯತೆ ಏರಿಸುತ್ತೇವೆ, ಏಪ್ರಿಲ್ ನಡುವೆ ಇಳಿಸುತ್ತೇವೆ. ಏರಿಸದಿದ್ದರೂ ಉತ್ತರ ಸರಿಯಾಗಿಯೇ ಬರುತ್ತದೆ, ತಡವಾಗಿ ಬರುತ್ತದೆ ಅಷ್ಟೇ. ಆದರೆ ಆ ತಡವೆಲ್ಲ ನಾಲ್ವರ ನಿದ್ದೆಯಿಂದ ಕಳೆಯುತ್ತದೆ.

ಆ ಹುಡುಗಿಯನ್ನು ಈಗ ತಿಂಗಳಿಗೊಮ್ಮೆ ಬೇರೆ ಬೇರೆ ವಿಭಾಗಗಳಿಗೆ ಕಳಿಸುತ್ತೇನೆ, ಅವರ ಜೊತೆ ಚಹಾ ಕುಡಿದು ಬರಲಿ ಎಂದು. ಮೊದಲು ನನ್ನ ಟಿಪ್ಪಣಿ ಪುಸ್ತಕದಲ್ಲಿ ಟೇಬಲ್ಲುಗಳ ಹೆಸರಿರುತ್ತಿತ್ತು. ಅವಳದರಲ್ಲಿ ಜನರ ಹೆಸರಿದೆ, ಎದುರಿಗೆ ತಾರೀಖು.