ನೀರುಗಂಟಿ ಬೇಕಾಗಿದ್ದಾನೆ

ಜಗಳವಾಡುವುದು ಸುಲಭ, ಜಗಳ ನೋಡುವುದು ಇನ್ನೂ ಸುಲಭ. ಕಷ್ಟವಿರುವುದು ಜಗಳ ಬಿಡಿಸುವವನಿಗೆ. ನಡುವೆ ನಿಂತವನಿಗೆ ಎರಡು ಕಡೆಯ ಏಟೂ ಬೀಳುವುದುಂಟು. ಅಷ್ಟೆಲ್ಲ ತಿಂದ ಮೇಲೂ "ನೀನು ಅವನ ಕಡೆಯವನು" ಎಂಬ ಮಾತು ತಪ್ಪುವುದಿಲ್ಲ. ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಈ ಪಾಡು ಹೆಚ್ಚಾಗಿ ಒದಗುವುದು ನೀರಿನ ಜಗಳದಲ್ಲಿ. ಮಳೆ ಕಡಿಮೆಯಾದ ಸೀಮೆ ಇದು. ಇಲ್ಲಿ ಬದುವಿನ ಜಗಳ ಒಂದು ತಲೆಮಾರಿಗೆ ಮುಗಿದರೆ, ಕಾಲುವೆಯ ಜಗಳ ಮೊಮ್ಮಕ್ಕಳಿಗೂ ಆಸ್ತಿಯಾಗಿ ಬರುತ್ತದೆ.

ಆದ್ದರಿಂದಲೇ ಇರಬೇಕು, ಹಿಂದಿನವರು ಕೆರೆ ಕಟ್ಟಿದಾಗಲೇ ನೀರುಗಂಟಿಯನ್ನೂ ನೇಮಿಸಿದರು. ಹೊಳಲ್ಕೆರೆ ತಾಲ್ಲೂಕಿನ ನನ್ನ ತಾಯಿಯ ತವರಿನಲ್ಲಿ, ನಾನು ಚಿಕ್ಕವನಾಗಿದ್ದಾಗ, ಒಬ್ಬ ಮುದುಕ ನೀರುಗಂಟಿ ಇದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಬಿಡುವುದು ಅವನ ಕೆಲಸ. ಅಚ್ಚುಕಟ್ಟಿನಲ್ಲಿ ಅವನದೆಂಬ ಒಂದು ಗುಂಟೆಯೂ ಇರಲಿಲ್ಲ. ಸುಗ್ಗಿಯಲ್ಲಿ ಪ್ರತಿಯೊಬ್ಬ ರೈತನೂ ಕಣದಲ್ಲಿ ಅವನ ಪಾಲಿನ ಭತ್ತ ಅಳೆದುಕೊಡುತ್ತಿದ್ದ. ಎಲ್ಲರ ಅನ್ನ ತಿನ್ನುತ್ತಿದ್ದುದರಿಂದ ಯಾರೊಬ್ಬರ ಹಂಗೂ ಅವನಿಗಿರಲಿಲ್ಲ. ನನ್ನ ಸೋದರಮಾವ ಊರಿನಲ್ಲಿ ದೊಡ್ಡ ಹಿಡುವಳಿದಾರರು. ಒಂದು ಬೇಸಗೆಯಲ್ಲಿ, "ಲೋ, ನಮ್ಮ ಗದ್ದೆಗೆ ಇನ್ನೊಂದು ಗಳಿಗೆ ಬಿಡೋ" ಎಂದರು. "ಬಿಡಬಹುದು ಗೌಡ್ರೆ. ಕೊನೇ ಗದ್ದೆ ಅಜ್ಜಿಗೆ ನೀವೇ ಹೋಗಿ ಹೇಳಿ ಬಂದುಬಿಡಿ" ಎಂದ ಮುದುಕ. ಮಾವ ಹೋಗಲಿಲ್ಲ, ನೀರೂ ಬರಲಿಲ್ಲ.

ಪತ್ರಿಕೆಯಲ್ಲಿ ಇಸ್ರೇಲಿಗೂ ಪ್ಯಾಲೆಸ್ಟೈನಿಯರಿಗೂ ಅಮೆರಿಕ ಸಂಧಾನ ನಡೆಸುತ್ತಿದೆ ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ಈ ಮುದುಕ ನೆನಪಾಗುತ್ತಾನೆ. ಹೊಳಲ್ಕೆರೆಗೂ ಜೆರುಸಲೇಮಿಗೂ ಎಲ್ಲಿಯ ನಂಟು ಎಂದು ಓದುಗರು ನಗಬಹುದು. ನಂಟು ನೀರಿನದು. 1953ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರು ಜೋರ್ಡನ್ ನದಿಯ ನೀರಿನ ವ್ಯಾಜ್ಯ ಬಿಡಿಸಲು ಎರಿಕ್ ಜಾನ್‌ಸ್ಟನ್ ಎಂಬುವರನ್ನು ಕಳುಹಿಸಿದರು. ಆ ಮಹನೀಯರು ಅಮೆರಿಕದ ಚಲನಚಿತ್ರೋದ್ಯಮದ ಸಂಘಕ್ಕೆ ಅಧ್ಯಕ್ಷರು! ಸಿನಿಮಾದವರಿಗೆ ನೀರಿನ ಗೊಡವೆ ಏಕೆ ಎನ್ನಬೇಡಿ. ಎರಡು ವರ್ಷ ಆ ರಾಜಧಾನಿಯಿಂದ ಈ ರಾಜಧಾನಿಗೆ ಅಲೆದು ಅವರು ಲೆಕ್ಕ ಕಟ್ಟಿದರು: ವರ್ಷಕ್ಕೆ ಜೋರ್ಡನ್ ದೇಶಕ್ಕೆ 72 ಕೋಟಿ ಘನಮೀಟರ್, ಇಸ್ರೇಲಿಗೆ ಸುಮಾರು 40 ಕೋಟಿ, ಸಿರಿಯಕ್ಕೆ 13.2 ಕೋಟಿ, ಲೆಬನಾನಿಗೆ 3.5 ಕೋಟಿ. ನಮ್ಮ ಲೆಕ್ಕದಲ್ಲಿ ಎಲ್ಲ ಸೇರಿ ಸುಮಾರು 45 ಟಿ.ಎಂ.ಸಿ. ಹಿರಿಯೂರಿನ ಬಳಿಯ ಮಾರಿ ಕಣಿವೆ, ಎಂದರೆ ವಾಣಿವಿಲಾಸ ಸಾಗರ, ತುಂಬಿದರೆ ಹಿಡಿಯುವುದು 30 ಟಿ.ಎಂ.ಸಿ. ಒಂದೂವರೆ ಮಾರಿ ಕಣಿವೆಯಷ್ಟು ನೀರಿಗೆ ನಾಲ್ಕು ರಾಷ್ಟ್ರಗಳ ಕದನ!

ಎಂಜಿನಿಯರುಗಳು ಆ ಲೆಕ್ಕಕ್ಕೆ ತಲೆದೂಗಿದರು. ರಾಜಕಾರಣಿಗಳು ತೂಗಲಿಲ್ಲ. ಒಪ್ಪಿದರೆ ಇಸ್ರೇಲನ್ನು ಒಪ್ಪಿದಂತಾಗುತ್ತದೆಂದು 1955ರಲ್ಲಿ ಅರಬ್ ಲೀಗು ಅನುಮೋದನೆ ಕೊಡಲಿಲ್ಲ. ಆದರೂ ಸಹಿಯೇ ಬೀಳದ ಆ ಅಳತೆಯನ್ನು ಇಸ್ರೇಲೂ ಜೋರ್ಡನ್ನೂ ಬಹುಕಾಲ ಹೆಚ್ಚುಕಡಮೆ ಅನುಸರಿಸಿದವು. ಅಳತೆ ನ್ಯಾಯವೆಂದು ತೋರಿದರೆ ಜನ ಸಹಿಯಿಲ್ಲದೆಯೂ ನಡೆಯುತ್ತಾರೆ. ಆದರೆ ಆ ನಾಲ್ಕು ಪಾಲುಗಳಲ್ಲಿ ಪ್ಯಾಲೆಸ್ಟೈನಿಯರ ಹೆಸರಿನ ಪಾಲು ಇರಲಿಲ್ಲ. ಕೊನೆಯ ಗದ್ದೆಯ ಅಜ್ಜಿಗೆ ಹೇಳಿ ಬರುವವರಾರೂ ಇರಲಿಲ್ಲ.

ಹಾಗೆಂದು ಸಂಧಾನಕಾರ ಯಾರ ಕಡೆಗೂ ಸೇರದವನೇ ಆಗಿರಬೇಕೆ? ನಮ್ಮ ವೇದಾವತಿಯ ಚರಿತ್ರೆ ಬೇರೆ ಮಾತು ಹೇಳುತ್ತದೆ. 1892ರ ಫೆಬ್ರವರಿ 18ರಂದು ಮೈಸೂರಿಗೂ ಮದರಾಸಿಗೂ ಒಂದು ಒಪ್ಪಂದವಾಯಿತು. ಪಟ್ಟಿಯಲ್ಲಿ ಹೇಳಿದ ನದಿಗಳಿಗೆ ಮೈಸೂರು ಹೊಸ ಜಲಾಶಯ ಕಟ್ಟಬೇಕಾದರೆ ಮದರಾಸಿನ ಒಪ್ಪಿಗೆ ಮೊದಲು ಬೇಕು. ವೇದಾವತಿಯೂ ಆ ಪಟ್ಟಿಯಲ್ಲಿತ್ತು. ಭಿನ್ನಾಭಿಪ್ರಾಯ ಬಂದರೆ ಪಂಚರು, ಇಲ್ಲವೆ ಭಾರತ ಸರ್ಕಾರದ ತೀರ್ಮಾನ. ಭಾರತ ಸರ್ಕಾರವೆಂದರೆ ಆಗ ಇಂಗ್ಲಿಷರದು. ಮದರಾಸೂ ಅವರದೇ ಪ್ರಾಂತ. ಪ್ರತಿವಾದಿಯ ಅಣ್ಣನೇ ನ್ಯಾಯಾಧೀಶನಾದಂತೆ! ಆದರೂ ಆ ಕಾಗದದಲ್ಲಿ ಒಂದು ಕಟ್ಟುಪಾಡಿತ್ತು: ಮದರಾಸು ಸುಮ್ಮಸುಮ್ಮನೆ ಬೇಡವೆನ್ನುವಂತಿಲ್ಲ, ತನಗೆ ಮೊದಲಿನಿಂದ ಸಂದಿರುವ ಹಕ್ಕಿಗೆ ಕುಂದು ಬರುವುದಾದರೆ ಮಾತ್ರ ತಡೆಯಬಹುದು. 1898ರಲ್ಲಿ ಮಾರಿ ಕಣಿವೆಯ ಕೆಲಸ ಆರಂಭವಾಗಿ 1907ರಲ್ಲಿ ಮುಗಿಯಿತು. ಯಜಮಾನ ಪಕ್ಷಪಾತಿಯಾಗಿರಬಹುದು, ಬರೆದ ಮಾತು ಖಚಿತವಾಗಿದ್ದರೆ ಸಣ್ಣವನಿಗೆ ಕಾಲೂರಲು ಒಂದಿಷ್ಟು ನೆಲ ಸಿಕ್ಕುತ್ತದೆ.

2022ರಲ್ಲಿ ತರಗತಿಯಲ್ಲಿ ಕುಮಾರವ್ಯಾಸನ ಉದ್ಯೋಗಪರ್ವ ಪಾಠ ಮಾಡುತ್ತಿದ್ದೆ. ಹಿರಿಯೂರಿನ ಹುಡುಗಿಯೊಬ್ಬಳು ಎದ್ದು, "ಸಾರ್, ಕೃಷ್ಣ ಪಾಂಡವರ ಕಡೆಯವನಲ್ಲವೆ? ಅವನೆಂಥ ಮಧ್ಯಸ್ಥ?" ಎಂದಳು. ಒಳ್ಳೆಯ ಪ್ರಶ್ನೆ. ತಾನು ಪಾಂಡವರ ಕಡೆಗೆ, ತನ್ನ ಸೈನ್ಯ ಕೌರವರ ಕಡೆಗೆ. ನಡುವೆ ಶಾಂತಿಯ ಮಾತು. ಅಮೆರಿಕವೂ 2016ರಲ್ಲಿ ಇಸ್ರೇಲಿಗೆ ಹತ್ತು ವರ್ಷಕ್ಕೆ 3,800 ಕೋಟಿ ಡಾಲರಿನ ಸೈನಿಕ ನೆರವಿನ ಒಪ್ಪಂದ ಮಾಡಿಕೊಂಡಿತು. ಇನ್ನೊಂದು ಕೈಯಲ್ಲಿ ಶಾಂತಿಯ ಕರಡು. ನಾನು ಉತ್ತರ ಹುಡುಕುವಷ್ಟರಲ್ಲಿ ಹೊಸದುರ್ಗದ ಹುಡುಗನೊಬ್ಬ, "ಅವನ ಮಾತು ಸಭೆಯಲ್ಲಿ ನಡೆಯುತ್ತಿತ್ತು ಸಾರ್, ಅದಕ್ಕೇ ಕಳಿಸಿದರು" ಎಂದ. ಅರಬ್ಬರು ಗೊಣಗುತ್ತಲೇ ವಾಷಿಂಗ್ಟನ್ನಿಗೆ ಹೋಗುವುದೂ ಇದಕ್ಕೇ ಅಲ್ಲವೆ? ಇಸ್ರೇಲಿನ ಕಿವಿ ಹಿಂಡಬಲ್ಲವರು ಬೇರೆ ಯಾರಿದ್ದಾರೆ?

ಆ ವರ್ಷವೇ ಮಾರಿ ಕಣಿವೆ 89 ವರ್ಷಗಳ ಮೇಲೆ ಕೋಡಿ ಬಿದ್ದಿತು. ಅದಕ್ಕೆ ಹಿಂದೆ ಬಿದ್ದದ್ದು 1933ರಲ್ಲಿ. ಹಿರಿಯೂರಿನಲ್ಲಿ ಹಬ್ಬ, ಹುಡುಗಿ ಸಿಹಿ ಹಂಚಿದಳು. ಹಿನ್ನೀರಿನ ಕಡೆ, ಹೊಸದುರ್ಗದ ರೈತರ ತೋಟಗಳಿಗೆ ನೀರು ನುಗ್ಗಿತ್ತು. ಹುಡುಗ ಸಿಹಿ ಮುಟ್ಟಲಿಲ್ಲ. ಒಂದೇ ನೀರು, ಒಂದೇ ಜಿಲ್ಲೆ, ಒಂದೇ ಭಾಷೆ. ಕೋಡಿಯ ಮಟ್ಟ ಇಳಿಸಿ ಎಂದು ಅವರು, ಕೂಡದೆಂದು ಇವರು. ನ್ಯಾಯ ಯಾರು ಹೇಳಬೇಕೆಂದು ಹುಡುಗನನ್ನು ಕೇಳಿದೆ. "ಯಾರಾದರೂ ಹೇಳಲಿ ಸಾರ್. ಮೊದಲು ತೋಟಕ್ಕೆ ಬಂದು, ನೀರು ಎಲ್ಲಿವರೆಗೆ ನಿಂತಿದೆ ನೋಡಿ ಕಲ್ಲು ನೆಡಲಿ" ಎಂದ. ರಾಜತಂತ್ರದ ಗ್ರಂಥಗಳಲ್ಲಿ ಇದಕ್ಕಿಂತ ಹೆಚ್ಚಿನದೇನಿದೆಯೋ ಕಾಣೆ.

ಅಮೆರಿಕದ ಸಂಧಾನಗಳನ್ನು ಈ ಮಾತಿನಿಂದಲೇ ಅಳೆದು ನೋಡಬಹುದು. 1978ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಕಾರ್ಟರ್ ಅವರು ಕ್ಯಾಂಪ್ ಡೇವಿಡ್ಡಿನಲ್ಲಿ ಈಜಿಪ್ಟಿನ ಸಾದತ್‌ರನ್ನೂ ಇಸ್ರೇಲಿನ ಬೆಗಿನ್‌ರನ್ನೂ ಹದಿಮೂರು ದಿನ ಕೂರಿಸಿಕೊಂಡು ಎರಡು ಕಾಗದ ಸಿದ್ಧಮಾಡಿದರು. ಒಂದು ಸಿನಾಯ್ ಮರುಭೂಮಿಯದು. ಅದಕ್ಕೆ ಗಡಿಯಿತ್ತು, ಗಡುವಿತ್ತು, ಇಬ್ಬರು ವಾರಸುದಾರರೂ ಎದುರಿಗಿದ್ದರು. 1982ರ ಏಪ್ರಿಲಿನ ಹೊತ್ತಿಗೆ ಇಸ್ರೇಲ್ ಸಿನಾಯ್ ಬಿಟ್ಟುಕೊಟ್ಟಿತು. ಆ ಶಾಂತಿ ಮುರಿದಿಲ್ಲ. ಇನ್ನೊಂದು ಕಾಗದ ಪ್ಯಾಲೆಸ್ಟೈನಿಯರ ಸ್ವಯಮಾಡಳಿತದ್ದು. ಅವರು ಅಲ್ಲಿರಲಿಲ್ಲ, ಆ ಕಾಗದ ಕಾಗದವಾಗಿಯೇ ಉಳಿಯಿತು. 1994ರಲ್ಲಿ ಇಸ್ರೇಲ್-ಜೋರ್ಡನ್ ಒಪ್ಪಂದದಲ್ಲಿ, ಚಳಿಗಾಲದ 2 ಕೋಟಿ ಘನಮೀಟರ್ ನೀರನ್ನು ಇಸ್ರೇಲ್ ಪಡೆದು ಬೇಸಗೆಯಲ್ಲಿ ಅಷ್ಟನ್ನೇ ಹಿಂದಿರುಗಿಸಬೇಕೆಂದು ಬರೆದರು. ಅದೂ ನಿಂತಿದೆ.

ಪ್ಯಾಲೆಸ್ಟೈನಿಯರ ಪಾಲಿಗೆ ಮಾತ್ರ ನಮ್ಮ ಕಚೇರಿಗಳ ಆ ಚಿರಪರಿಚಿತ ಉತ್ತರ: "ಮುಂದೆ ನೋಡೋಣ." 1993ರ ಓಸ್ಲೋ ಒಪ್ಪಂದ ಗಡಿ, ಜೆರುಸಲೇಮ್, ನಿರಾಶ್ರಿತರು, ವಸಾಹತುಗಳು ಎಲ್ಲವನ್ನೂ ಮುಂದಕ್ಕೆ ತಳ್ಳಿತು. 1995ರಲ್ಲಿ ವಾಷಿಂಗ್ಟನ್ನಿನಲ್ಲಿ ಸಹಿಯಾದ ಎರಡನೆಯ ಒಪ್ಪಂದ ಪಶ್ಚಿಮ ದಂಡೆಯ ನೀರಿನಲ್ಲಿ ಪ್ಯಾಲೆಸ್ಟೈನಿಯರಿಗೆ ಹಕ್ಕುಂಟು ಎಂದಿತು, ಎಷ್ಟೆಂಬುದು ಮುಂದೆ. ಅಲ್ಲಿಯವರೆಗೆ ಬಾವಿ ತೋಡಲು ಜಂಟಿ ಸಮಿತಿಯ ಒಮ್ಮತ ಬೇಕು. ತೂಬಿನ ಕೀಲಿ ಯಾರ ಕೈಯಲ್ಲಿದೆಯೋ ಅವರಿಗೆ "ಮುಂದೆ" ಎಂಬುದು ವಿಶ್ರಾಂತಿ; ಒಣಗಿದ ಗದ್ದೆಯವನಿಗೆ ಅದು ವಿಷ.

ಆ ವಿಷ ಏನು ಮಾಡಿತೆಂಬುದನ್ನು ಲೋಕ ಕಂಡಿದೆ. 2023ರ ಅಕ್ಟೋಬರ್ 7ರಂದು ಹಮಾಸಿನವರು ಸುಮಾರು 1,200 ಜನರನ್ನು ಕೊಂದು 251 ಜನರನ್ನು ಒತ್ತೆಯಾಗಿ ಒಯ್ದರು. ಅದಕ್ಕೆ ಯಾವ ಅನ್ಯಾಯವೂ ಸಮರ್ಥನೆಯಾಗಲಾರದು. ಇಸ್ರೇಲ್ ಗಾಜಾದ ಮೇಲೆ ಯುದ್ಧ ಹೂಡಿತು. ತಾನು ಬಿಡುತ್ತಿದ್ದ ಕುಡಿಯುವ ನೀರನ್ನೂ ನಿಲ್ಲಿಸಿತು. ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಸತ್ತವರು 60,000ಕ್ಕೂ ಹೆಚ್ಚು. ಅದಕ್ಕೂ ಯಾವ ಸಮರ್ಥನೆಯೂ ಇಲ್ಲ. 2025ರ ಅಕ್ಟೋಬರಿನಲ್ಲಿ ಅಧ್ಯಕ್ಷ ಟ್ರಂಪರ ಇಪ್ಪತ್ತು ಅಂಶಗಳ ಯೋಜನೆಯಂತೆ ಕದನವಿರಾಮವಾಯಿತು. ಬದುಕಿದ್ದ ಒತ್ತೆಯಾಳುಗಳು ಮನೆ ಸೇರಿದರು. ಅಷ್ಟರಮಟ್ಟಿಗೆ ಅಮೆರಿಕದ ಮಾತು ನಡೆಯುತ್ತದೆಂಬುದು ಮತ್ತೊಮ್ಮೆ ಸಿದ್ಧವಾಯಿತು. ಯಾರೇ ಮಾಡಿಸಿರಲಿ, ನಿಂತ ಗುಂಡು ಪುಣ್ಯವೇ. ಆದರೆ ಆ ಯೋಜನೆಯಲ್ಲಿ ಪ್ಯಾಲೆಸ್ಟೈನ್ ರಾಷ್ಟ್ರದ ಮಾತು ಬರುವ ಜಾಗದಲ್ಲಿ ಗಡಿಯೂ ಇಲ್ಲ, ಗಡುವೂ ಇಲ್ಲ. ಗಾಜಾದ ಪುನರ್ನಿರ್ಮಾಣ ನಡೆದು, ಆಡಳಿತ ಸುಧಾರಿಸಿದರೆ ಅದಕ್ಕೆ ತಕ್ಕ ಪರಿಸ್ಥಿತಿ ಒದಗಬಹುದು ಎಂದಷ್ಟೆ ಇದೆ. ಇದನ್ನು ಹೊಸದುರ್ಗದ ಭಾಷೆಗೆ ಅನುವಾದಿಸುವುದು ಕಷ್ಟವಲ್ಲ: ನೀರು ಎಲ್ಲಿವರೆಗೆ ನಿಂತಿದೆಯೆಂದು ಎಲ್ಲರೂ ಕಂಡಿದ್ದಾರೆ, ಕಲ್ಲು ನೆಡುವವರು ಇನ್ನೂ ಬಂದಿಲ್ಲ.